ತಾಲ್ಲೂಕು ಕಚೇರಿಗೆ ಗುಮ್ಮಟ ಬೇಕೇ?

ಬೆಂಗಳೂರಿನ ವಿಧಾನಸೌಧದ ಅಚ್ಚಿನಲ್ಲಿ ರಾಜ್ಯದ ಎಷ್ಟೋ ತಾಲ್ಲೂಕುಗಳಲ್ಲಿ ಮಿನಿ ವಿಧಾನಸೌಧಗಳು ಎದ್ದಿವೆ. ಬೋರ್ಡಿನ ಮೇಲೆ ಈಗ ಆಡಳಿತ ಸೌಧ ಅಂತಲೋ ಪ್ರಜಾಸೌಧ ಅಂತಲೋ ಬರೆದರೂ ಜನರ ಬಾಯಲ್ಲಿ ಹಳೇ ಹೆಸರೇ ಓಡುತ್ತಿದೆ. ಮುಂದೆ ಮೆಟ್ಟಿಲು, ಕಂಬಗಳ ಸಾಲು, ನೆತ್ತಿಯ ಮೇಲೆ ಗುಮ್ಮಟ. ಸರ್ಕಾರಿ ಕಚೇರಿ ಹೀಗೇ ಇರಬೇಕಾ? ಇಬ್ಬರನ್ನು ಬರೆಯಲು ಕೇಳಿದೆವು.

ಪರ
ಗುಮ್ಮಟ ಬಂತು, ಅದರ ಹಿಂದೆ ರೆಕಾರ್ಡ್ ರೂಮೂ ಬಂತು
(ಲೇಖಕರು ಕಂದಾಯ ಇಲಾಖೆಯ ನಿವೃತ್ತ ಪ್ರಥಮ ದರ್ಜೆ ಸಹಾಯಕರು)

ಬೇಕು. ಮೂವತ್ತು ಚಿಲ್ಲರೆ ವರ್ಷ ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದು ಬರೆದು ಬೆರಳು ಸವೆಸಿದವನು ನಾನು. ಈಗಲಾದರೂ ನೇರವಾಗಿ ಬರೆಯುತ್ತೇನೆ. ಗುಮ್ಮಟ ಬೇಕು.

1984ರಲ್ಲಿ ನಾನು ಗುಮಾಸ್ತನಾಗಿ ಸೇರಿದಾಗ ನಮ್ಮ ತಾಲ್ಲೂಕು ಕಚೇರಿ ಇದ್ದದ್ದು ಅಮಲ್ದಾರರ ಕಾಲದ ಕಟ್ಟಡದಲ್ಲಿ. ಹಳೇ ಮೈಸೂರಿನವರಿಗೆ ಗೊತ್ತಿರುತ್ತದೆ, ಆಗ ತಹಶೀಲ್ದಾರರನ್ನು ಅಮಲ್ದಾರರು ಅನ್ನುತ್ತಿದ್ದರು. ಮಂಗಳೂರು ಹೆಂಚು, ಸುಣ್ಣದ ಗಾರೆಯ ದಪ್ಪ ಗೋಡೆ, ಮುಂದೆ ಕಲ್ಲುಕಂಬದ ಜಗಲಿ. ಒಂದು ಮೂಲೆಯಲ್ಲಿ ಖಜಾನೆ, ಅದರ ಮುಂದೆ ಬಂದೂಕು ಹಿಡಿದ ಪೊಲೀಸು. ಇನ್ನೊಂದು ಮೂಲೆಯಲ್ಲಿ ಸಬ್‌ಜೈಲು. ಊರಿನ ಹೆಸರು ಬೇಡ. ಬರೆದರೆ ಅಲ್ಲಿ ಈಗ ಇರುವವರಿಗೆ ಸುಮ್ನೆ ಕಿರಿಕಿರಿ.

ಇವತ್ತು ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಬರುವ ಹುಡುಗರು ಅಂಥ ಕಟ್ಟಡ ನೋಡಿ ‘ಆಹಾ, ಎಷ್ಟು ತಂಪು’ ಅಂತಾರೆ. ನಿಜ, ತಂಪು. ಬಾವಲಿಗಳಿಗೂ ಹಾಗೇ ಅನಿಸಿತ್ತು. ನಾನು ಅದರೊಳಗೆ 19 ವರ್ಷ ಕೂತಿದ್ದೇನೆ. ಮಳೆಗಾಲದಲ್ಲಿ ಮೇಜನ್ನು ಎಲ್ಲಿಗೆ ಸರಿಸಬೇಕು ಅನ್ನುವುದು ನಮಗೆ ಕಾನೂನು ಪುಸ್ತಕಕ್ಕಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ಜೂನ್‌ನಲ್ಲಿ ಕಿಟಕಿ ಪಕ್ಕ, ಆಗಸ್ಟ್‌ನಲ್ಲಿ ಖಜಾನೆ ಗೋಡೆಗೆ ಒರಗಿಸಿ, ಹಿಂಗಾರಿಗೆ ನಡುಮಧ್ಯ.

ಇನ್ನೊಂದು ಮಾತು ಆ ಹುಡುಗರಿಗೆ ಗೊತ್ತಿಲ್ಲ. ಅಮಲ್ದಾರರು ಕೂರುವ ಜಾಗ ಉಳಿದ ನೆಲಕ್ಕಿಂತ ಒಂದು ಗೇಣು ಎತ್ತರವಿತ್ತು. ರೈತ ಕೆಳಗೆ ನಿಲ್ಲಬೇಕು. ನಮ್ಮ ತಂದೆಯವರು ಕಂದಾಯ ಕಟ್ಟಲು ಅಲ್ಲಿಗೇ ಬರುತ್ತಿದ್ದರು. ಚಪ್ಪಲಿಯನ್ನು ಬೇವಿನ ಮರದ ಬುಡದಲ್ಲಿ ಬಿಟ್ಟು, ಟವಲು ಹೆಗಲಿಂದ ಇಳಿಸಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋಗುತ್ತಿದ್ದರಂತೆ. ನನಗೆ ಅಲ್ಲಿ ಕೆಲಸ ಸಿಕ್ಕಿದ ಮೇಲೂ ಅವರು ನನ್ನನ್ನು ನೋಡಲು ಬಂದರೆ ಜಗಲಿ ಹತ್ತುತ್ತಿರಲಿಲ್ಲ. ಮರದ ಕೆಳಗೆ ನಿಂತು ಯಾರ ಕೈಲೋ ಹೇಳಿಕಳಿಸುತ್ತಿದ್ದರು. ಹೆಂಚಿನ ಕಟ್ಟಡ ಚೆಂದ ಅನ್ನುವವರು ಈ ಮಾತಿಗೆ ಉತ್ತರ ಹೇಳಲಿ.

ಸರ್ಕಾರಿ ಕಚೇರಿಗಳನ್ನು ಆಗ ಕಟ್ಟುತ್ತಿದ್ದದ್ದೇ ಹಾಗೆ. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋಯಿತು. ಕಮಿಷನರ್ ಸಾಹೇಬರ ಕಚೇರಿ ಬೆಂಗಳೂರು ಕೋಟೆಯೊಳಗೆ, ಟಿಪ್ಪುವಿನ ಮರದ ಅರಮನೆಯಲ್ಲಿ ಬಂದು ಕೂತಿತು. ಅದು ಸಾಲದಾದಾಗ ಕಬ್ಬನ್ ಪಾರ್ಕಿನ ಕಡೆ ಹೊಸ ಕಟ್ಟಡ ಎದ್ದಿತು. 1868ಕ್ಕೆ ಮುಗಿಯಿತು. ನಕ್ಷೆ ಸ್ಯಾಂಕಿ ಸಾಹೇಬರದು, ಸ್ಯಾಂಕಿ ಕೆರೆ ಕಟ್ಟಿಸಿದ ಅದೇ ಸ್ಯಾಂಕಿ. ಕಟ್ಟಿಸಿದವರು ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು. ಹದಿನೆಂಟು ಇಲಾಖೆ ಕೂತದ್ದಕ್ಕೆ ಅಠಾರಾ ಕಚೇರಿ ಅಂತ ಹೆಸರಾಯಿತು. ಇವತ್ತಿನ ಹೈಕೋರ್ಟ್ ಅದೇ. ಕೆಂಪು ಬಣ್ಣ, ಗ್ರೀಸ್ ದೇಶದ ಮಾದರಿ ಕಂಬ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಗ್ರೀಸಿಗೂ ನಮ್ಮ ಗುಬ್ಬಿ, ಕುಣಿಗಲ್‌ಗೂ ಏನು ಸಂಬಂಧ? ನಾವು ವೋಟು ಹಾಕಿ ಕಳಿಸಿದ ಮೊದಲ ವಿಧಾನಸಭೆ ಕೂಡ 1952ರಲ್ಲಿ ಅಲ್ಲೇ ಕೂತಿತ್ತು. ಸ್ವಂತ ಮನೆ ಇರಲಿಲ್ಲ.

ಆ ಮನೆ ಕಟ್ಟಿಸಿದವರು ಕೆಂಗಲ್ ಹನುಮಂತಯ್ಯನವರು. ನೆಹರೂ 1951ರ ಜುಲೈನಲ್ಲಿ ಅಡಿಗಲ್ಲು ಹಾಕಿದಾಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಆಗ ಮನಸ್ಸಿನಲ್ಲಿದ್ದದ್ದು ಒಂದು ಸಾದಾ ಕಟ್ಟಡ. ಮರುವರ್ಷ ಹನುಮಂತಯ್ಯನವರು ಬಂದು ಆ ನಕ್ಷೆಯನ್ನು ಪಕ್ಕಕ್ಕಿಟ್ಟರು. ಒಂದು ಕತೆ ಎಲ್ಲರೂ ಹೇಳುತ್ತಾರೆ. ರಷ್ಯಾದಿಂದ ಬಂದಿದ್ದ ತಂಡವೊಂದಕ್ಕೆ ಅವರು ಊರು ತೋರಿಸಿದರಂತೆ. ಎಲ್ಲ ನೋಡಿ ಆ ಜನ ಕೇಳಿದರಂತೆ, ‘ಇವೆಲ್ಲ ಯುರೋಪಿನ ಕಟ್ಟಡಗಳು. ನಿಮ್ಮದು ಅಂತ ಯಾವುದೂ ಇಲ್ವಾ?’ ಆ ಮಾತು ಚುಚ್ಚಿತಂತೆ. ಆಮೇಲೆ ಬಂದದ್ದು ಬಿ.ಆರ್. ಮಾಣಿಕ್ಯಂ ಅವರ ನಕ್ಷೆ, ಬೆಂಗಳೂರು ಸುತ್ತಿನ ಗ್ರಾನೈಟ್, ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಕರಿಕಲ್ಲು. ಸುಮಾರು 5000 ಕೂಲಿಯವರು, 1500 ಕಲ್ಲುಕುಟಿಗರು, ಗಾರೆಯವರು, ಮರಗೆತ್ತನೆಯವರು. ಜೈಲಿನ ಕೈದಿಗಳೂ ದುಡಿದರು. ಖರ್ಚು ಒಂದೂಮುಕ್ಕಾಲು ಕೋಟಿ ದಾಟಿತು. ದುಂದು ಅಂತ ಕೂಗೆದ್ದಿತು, ವಿಚಾರಣೆಯೂ ಆಯಿತು. 1956ರ ಆಗಸ್ಟ್‌ನಲ್ಲಿ ಹನುಮಂತಯ್ಯನವರು ಕುರ್ಚಿ ಬಿಟ್ಟರು. ಡಿಸೆಂಬರಿನಲ್ಲಿ ಹೊಸ ಸೌಧದಲ್ಲಿ ಅಧಿವೇಶನ ಸೇರಿದಾಗ ಮುಖ್ಯಮಂತ್ರಿ ನಿಜಲಿಂಗಪ್ಪನವರು. ಮನೆ ಕಟ್ಟಿದವರೊಬ್ಬರು, ಗೃಹಪ್ರವೇಶ ಇನ್ನೊಬ್ಬರದು. ಆಗ ಬೈದವರ ಮೊಮ್ಮಕ್ಕಳೇ ಇವತ್ತು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ದುಂದು ಅನ್ನುವ ಮಾತಿಗೆ ಆಯುಸ್ಸು ಕಡಿಮೆ, ಕಲ್ಲಿಗೆ ಜಾಸ್ತಿ.

ಅದೇ ಸೌಧದ ಒಂದು ಮರಿ ನಮ್ಮ ತಾಲ್ಲೂಕಿಗೂ ಬರಲಿ ಅಂದರೆ ತಪ್ಪೇನು? ಎಲ್ಲ ಚೆಂದವೂ ಬೆಂಗಳೂರಿಗೇ ಇರಬೇಕಾ?

ಈಗ ರೆಕಾರ್ಡ್ ರೂಮಿನ ವಿಷಯಕ್ಕೆ ಬರುತ್ತೇನೆ. ಹೇಳಬೇಕು ಅಂತ ಕೂತದ್ದೇ ಇದನ್ನು.

1990ರ ಆಸುಪಾಸು. ಒಬ್ಬ ಹಿರಿಯರು ಒಂದು ಎಂ.ಆರ್. (ಖಾತೆ ಬದಲಾವಣೆ ಬರೆದಿಡುವ ರಿಜಿಸ್ಟರು) ನಕಲಿಗೆ ಅರ್ಜಿ ಹಾಕಿದರು. ಒಂದು ಎಕರೆ ಹನ್ನೆರಡು ಗುಂಟೆ ಹೊಲ. ಅವರ ತಾತ ಕ್ರಯಕ್ಕೆ ತೆಗೆದುಕೊಂಡದ್ದು. ದಾಯಾದಿಗಳು ಕೋರ್ಟಿಗೆ ಹೋಗಿದ್ದರು, ಖಾತೆ ಬದಲಾದ ದಾಖಲೆ ಬೇಕಿತ್ತು. ನಾನು ಮತ್ತು ನಮ್ಮ ದಲಾಯತ್, ಅಂದರೆ ಕಚೇರಿಯ ಜವಾನ, ಒಂದು ವಾರ ಹುಡುಕಿದೆವು. ಕೆಂಪು ಬಟ್ಟೆಯ ಗಂಟುಗಳು ಛಾವಣಿವರೆಗೆ. ಆಕಾರಬಂದ್ ಒಂದು ಕಡೆ, ಹಿಸ್ಸಾ ಟಿಪ್ಪಣಿ ಇನ್ನೊಂದು ಕಡೆ, ಇನಾಂ ರಿಜಿಸ್ಟರಿನ ಮೇಲೆ ಬಾವಲಿ ಹಿಕ್ಕೆ. ಕೊನೆಗೂ ಆ ಪುಸ್ತಕ ಸಿಕ್ಕಿತು. ಖುಷಿಯಿಂದ ಬಿಚ್ಚಿದೆ. ಬೇಕಾದ ಪುಟ ಇರಲಿಲ್ಲ. ಪುಟ ಇರಬೇಕಾದ ಜಾಗದಲ್ಲಿ ಗೆದ್ದಲು ಕಟ್ಟಿದ ಮಣ್ಣಿತ್ತು.

‘ದಾಖಲೆ ಲಭ್ಯವಿಲ್ಲ’ ಎಂದು ಹಿಂಬರಹ ಕೊಟ್ಟೆವು. ಅದನ್ನು ಅವರು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡು ಕೇಳಿದರು, ‘ಸ್ವಾಮಿ, ಇದನ್ನ ಕೋರ್ಟಿಗೆ ಕೊಟ್ರೆ ಹೊಲ ಬತ್ತದಾ?’ ನಾನು ಏನು ಹೇಳಲಿ? ಆಮೇಲೂ ಎರಡು ಮೂರು ವರ್ಷ ಅವರು ಬರುತ್ತಿದ್ದರು. ಹೊಸ ಗುಮಾಸ್ತ ಯಾರಾದರೂ ಬಂದಿದ್ದಾರೆಂದು ಗೊತ್ತಾದರೆ ಸಾಕು, ಇನ್ನೊಮ್ಮೆ ಹುಡುಕಿಸುತ್ತಿದ್ದರು. ಪುಟ ಎಲ್ಲೋ ಜಾರಿರಬಹುದು ಅನ್ನುವ ನಂಬಿಕೆ ಅವರದು. ನನ್ನ ಕಣ್ಣೆದುರೇ ಮಣ್ಣು ಉದುರಿತ್ತು. ಅವರಿಗೆ ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ಆ ರೂಮಿನ ರಿಪೇರಿಗೆ ದುಡ್ಡು ಕೊಡಿ ಎಂದು ನಾನೇ ಏಳೆಂಟು ಸಲ ಪತ್ರ ತಯಾರಿಸಿದ್ದೆ. ‘ಅನುದಾನದ ಲಭ್ಯತೆ ನೋಡಿಕೊಂಡು ಪರಿಶೀಲಿಸಲಾಗುವುದು.’ ಪ್ರತಿ ಸಲ ಅದೇ ಉತ್ತರ, ಬರೀ ತಾರೀಖು ಬೇರೆ. ರೆಕಾರ್ಡ್ ರೂಮಿನ ಮುಂದೆ ಯಾರೂ ಟೇಪು ಕತ್ತರಿಸುವುದಿಲ್ಲ ನೋಡಿ. ಅದೇ ಮಿನಿ ವಿಧಾನಸೌಧ ಅಂದ ತಕ್ಷಣ ಎಲ್ಲರೂ ಎದ್ದು ಕೂತರು. ಶಾಸಕರು ಓಡಾಡಿದರು, ಮಂಜೂರಾತಿ ಬಂತು, ಶಾಮಿಯಾನ ಹಾಕಿ ಗುದ್ದಲಿ ಪೂಜೆ ಆಯಿತು. ಗುಮ್ಮಟ ಇಲ್ಲದಿದ್ದರೆ ಆ ದುಡ್ಡು ನಮ್ಮ ತಾಲ್ಲೂಕಿಗೆ ಬರುತ್ತಲೇ ಇರಲಿಲ್ಲ. ದುಡ್ಡು ಬಂದದ್ದು ಗುಮ್ಮಟಕ್ಕೆ. ಅದರ ಹಿಂದೆ, ಬಾಲ ಹಿಡಿದುಕೊಂಡು ಬಂದ ಹಾಗೆ, ಕಬ್ಬಿಣದ ರ‍್ಯಾಕ್ ಇರುವ ಒಣ ರೆಕಾರ್ಡ್ ರೂಮೂ ಬಂತು. ಇದು ಯಾವ ಆರ್ಕಿಟೆಕ್ಟಿಗೂ ಅರ್ಥವಾಗುವ ವಿಷಯವಲ್ಲ.

ಒಂದೇ ಸೂರು ಬಂತು ಅನ್ನುವುದನ್ನೂ ಸೇರಿಸಿ. ಮೊದಲು ಸರ್ವೆಯವರು ಪೇಟೆ ಬೀದಿಯ ಬಾಡಿಗೆ ಮನೆಯಲ್ಲಿ, ಸಬ್ ರಿಜಿಸ್ಟ್ರಾರ್ ಒಂದು ಅಂಗಡಿ ಮಹಡಿಯಲ್ಲಿ, ಆಹಾರ ಇಲಾಖೆ ಬಸ್‌ಸ್ಟ್ಯಾಂಡಿನ ಹಿಂದೆ. ಒಂದು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸಲು, ರೈತ ಇಡೀ ಊರು ಸುತ್ತುತ್ತಿದ್ದ. ಈಗ ಎಲ್ಲ ಒಂದೇ ಸೂರಿನಡಿ. ಒಂದೇ ಸೂರು ಅಂದರೆ ಸುಮ್ನೆ ಮಾತಲ್ಲ, ಒಂದು ದಿನದ ಕೂಲಿ ಉಳಿಯುತ್ತದೆ.

2003ರಲ್ಲಿ ಸಾಗಿಸಿದೆವು. ಟ್ರ್ಯಾಕ್ಟರ್ ಟ್ರೈಲರಿಗೆ ತಾಡಪಾಲು ಹಾಸಿ, ಹೋಬಳಿವಾರು ಎಣಿಸಿ, ಗಂಟು ಗಂಟಾಗಿ. ನಮ್ಮ ದಲಾಯತ್‌ಗೆ ಆಗ ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಮೊದಲ ಗಂಟನ್ನು ಕಣ್ಣಿಗೊತ್ತಿಕೊಂಡು ಏರಿಸಿದ. ಕೊನೇ ಸರದಿಯಲ್ಲಿ ಹಳೇ ತಗಡಿನ ಬಕೆಟನ್ನೂ ಟ್ರೈಲರಿಗೆ ಇಟ್ಟ. ಸೋರುವ ಕಡೆ ಇಡುತ್ತಿದ್ದ ಬಕೆಟು. ‘ಇದ್ಯಾಕಪ್ಪಾ ಹೊಸ ಕಟ್ಟಡಕ್ಕೆ?’ ಅಂದೆ. ‘ಇರ್ಲಿ ಸಾ, ಗೋರ್ಮೆಂಟ್ ಬಿಲ್ಡಿಂಗ್ ಅಲ್ವಾ’ ಅಂದ.

ಮೊದಲ ಮಳೆಗಾಲಕ್ಕೇ ಅದು ಕೆಲಸಕ್ಕೆ ಬಂತು, ಆ ಮಾತು ಬೇರೆ. ಆದರೆ ಬಕೆಟು ಇಟ್ಟದ್ದು ಗುಮ್ಮಟದ ಕೆಳಗೆ. ರೆಕಾರ್ಡ್ ರೂಮಿನಲ್ಲಲ್ಲ.

ಸೋರುತ್ತದೆ ಅನ್ನುವವರಿಗೆ ನನ್ನದು ಇಷ್ಟೇ ಉತ್ತರ. ಯಾವ ಸರ್ಕಾರಿ ಕಟ್ಟಡ ಸೋರುವುದಿಲ್ಲ? ಮೆಟ್ಟಿಲು ಜಾಸ್ತಿ ಅಂತಾರೆ. ಬೆಟ್ಟದ ಮೇಲಿನ ದೇವರಿಗೆ ಹತ್ತುವಾಗ ಯಾರಾದರೂ ಮೆಟ್ಟಿಲು ಎಣಿಸುತ್ತಾರಾ? ವಿಧಾನಸೌಧದ ನೆತ್ತಿಯಲ್ಲೇ ಬರೆದಿದೆ, ಸರ್ಕಾರದ ಕೆಲಸ ದೇವರ ಕೆಲಸ ಅಂತ. ಇನ್ನು ಈ ವಿರೋಧದವರಿಗೆ ಬೇಕಾದದ್ದಾದರೂ ಏನು? ಗಾಜಿನ ಡಬ್ಬ. ಅದರ ಮುಂದೆ ನಿಂತರೆ ಅದು ಬ್ಯಾಂಕೋ ಆಸ್ಪತ್ರೆಯೋ ಮಾಲೋ ಗೊತ್ತಾಗುವುದಿಲ್ಲ. ಓದು ಬರಹ ಬಾರದ ಹೆಂಗಸೊಬ್ಬಳು ಬಸ್ಸಿಳಿದು ತಲೆ ಎತ್ತಿದರೆ ‘ಅದೋ, ಅಲ್ಲಿ’ ಅಂತ ತಿಳಿಯಬೇಕು. ಗುಮ್ಮಟ ಇರುವುದು ಅದಕ್ಕೆ.

ಮೊನ್ನೆ ಲೈಫ್ ಸರ್ಟಿಫಿಕೇಟ್ ಕೆಲಸಕ್ಕೆ ಅದೇ ಊರಿಗೆ ಹೋಗಿದ್ದೆ. ಕಂಡಕ್ಟರ್ ಚಿಕ್ಕ ಹುಡುಗ, ನನ್ನ ಗುರುತಿಲ್ಲ. ‘ಸೌಧ ಯಾರ್ರೀ ಇಳಿಯೋರು, ಸೌಧ’ ಎಂದು ಕೂಗಿದ. ಏಳೆಂಟು ಜನ ಎದ್ದರು, ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನೊಳಗೆ ಪಹಣಿ. ಯಾರೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿರಲಿಲ್ಲ.

ವಿರೋಧ
ವಿಧಾನಸೌಧ ಒಂದೇ ಸಾಕು
(ಲೇಖಕಿ ತುಮಕೂರಿನಲ್ಲಿ ಆರ್ಕಿಟೆಕ್ಟ್)

ಸಂಪಾದಕರು ಫೋನ್ ಮಾಡಿ ‘ನೀವು ವಿರೋಧ ಬರೀರಿ’ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಎರಡನೇ ಕ್ಲಾಸಿನಲ್ಲಿ ನನಗೆ ಡ್ರಾಯಿಂಗ್‌ಗೆ ಬಹುಮಾನ ಬಂದದ್ದು ವಿಧಾನಸೌಧ ಬಿಡಿಸಿದ್ದಕ್ಕೆ. ಮುಂದೆ ಆರ್ಕಿಟೆಕ್ಚರ್ ಓದಿದ್ದಕ್ಕೂ ಅದೇ ಕಾರಣ ಇರಬಹುದು. ಪರ ಕೊಟ್ಟಿದ್ದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದೆನೇನೋ. ಇರಲಿ, ಒಪ್ಪಿಕೊಂಡದ್ದಾಗಿದೆ.

ಮೊದಲನೆಯದು ಅಳತೆ. ವಿಧಾನಸೌಧದ ನಡುವಿನ ಗುಮ್ಮಟದ ಅಡ್ಡಳತೆ 60 ಅಡಿ. ಮುಂಭಾಗದ 12 ಗ್ರಾನೈಟ್ ಕಂಬಗಳು ಒಂದೊಂದೂ 40 ಅಡಿ ಎತ್ತರ. ಕಟ್ಟಡ ಸುಮಾರು 700 ಅಡಿ ಉದ್ದ ಚಾಚಿಕೊಂಡಿರುವುದರಿಂದ ಆ ಗುಮ್ಮಟದ ಭಾರ ಕಣ್ಣಿಗೆ ಹೊಂದುತ್ತದೆ. ಅದನ್ನೇ ಎರಡು ಮಹಡಿಯ ತಾಲ್ಲೂಕು ಕಚೇರಿಯ ಮೇಲೆ ಕೂರಿಸಿದರೆ ಮಡಕೆ ಮಗುಚಿಟ್ಟ ಹಾಗೆ ಕಾಣುತ್ತದೆ. ಆನೆಯನ್ನು ಕುರಿಯ ಗಾತ್ರಕ್ಕೆ ಇಳಿಸಿದರೆ ಆನೆಮರಿ ಆಗುವುದಿಲ್ಲ. ಅದೂ ಅಲ್ಲದೆ ಅಲ್ಲಿರುವುದು ಉಳಿಯಲ್ಲಿ ಕೆತ್ತಿದ ಕಲ್ಲು. ಇಲ್ಲಿರುವುದು ಅಚ್ಚಿನಲ್ಲಿ ಹುಯ್ದ ಸಿಮೆಂಟು, ಮೇಲೆ ಕಲ್ಲಿನ ಬಣ್ಣ. ಐದು ವರ್ಷಕ್ಕೆ ಬಣ್ಣ ಏಳುತ್ತದೆ, ಹತ್ತಕ್ಕೆ ಕಂಬಿ ಕಾಣುತ್ತದೆ.

ಎರಡನೆಯದು ಮಳೆ, ಬಿಸಿಲು. ಇದನ್ನು ಮಾತ್ರ ನಾನು ಮನಸಾರೆ ಹೇಳುತ್ತಿದ್ದೇನೆ. ಕರ್ನಾಟಕಕ್ಕೆ ಒಂದೇ ಹವೆ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ರಾಯಚೂರು, ಕಲಬುರಗಿಯಲ್ಲಿ ಬೇಸಿಗೆಯ ಬಿಸಿಲು 42 ಡಿಗ್ರಿ ದಾಟುತ್ತದೆ. ಹಿಂದಿನವರು ಹೆಚ್ಚು ಓದಿರಲಿಲ್ಲ, ಆದರೆ ಮಲೆನಾಡಿನಲ್ಲಿ ಇಳಿಜಾರು ಹೆಂಚು ಹಾಕಿದರು, ಕರಾವಳಿಯಲ್ಲಿ ಮುರಕಲ್ಲಿನ ಗೋಡೆ ಎಬ್ಬಿಸಿದರು, ಕಲಬುರಗಿ ಕಡೆ ಶಹಾಬಾದ್ ಕಲ್ಲು ಬಳಸಿದರು, ಕೋಲಾರದ ಕಡೆ ಕಲ್ಲುಚಪ್ಪಡಿ ಹೊದಿಸಿದರು. ಈಗ ಬೆಂಗಳೂರಿನಿಂದ ಒಂದೇ ಟೈಪ್ ಪ್ಲಾನ್ ಹೊರಡುತ್ತದೆ. ಮಲೆನಾಡಿನ ಒಂದು ಊರಿನಲ್ಲಿ ನೋಡಿದೆ. ಸಮತಟ್ಟು ತಾರಸಿ ಎರಡೇ ಮಳೆಗಾಲಕ್ಕೆ ಸೋರಿತು. ಅದರ ಮೇಲೆ ಕಬ್ಬಿಣದ ತೊಲೆ ನಿಲ್ಲಿಸಿ ತಗಡಿನ ಶೀಟು ಹೊದಿಸಿದ್ದಾರೆ. ಗುಮ್ಮಟವನ್ನು ಏನು ಮಾಡುವುದು? ಅದರ ಸುತ್ತ ಶೀಟು ಕತ್ತರಿಸಿ ಕುತ್ತಿಗೆವರೆಗೆ ತಂದು ನಿಲ್ಲಿಸಿದ್ದಾರೆ. ದೂರದಿಂದ ನೋಡಿದರೆ ಕಂಬಳಿ ಹೊದ್ದು ಕೂತ ಅಜ್ಜನ ತಲೆ.

ಮೂರನೆಯದು, ಇದು ನಮ್ಮ ಶೈಲಿ ಅನ್ನುವ ವಾದ. ಯಾವ ನಮ್ಮದು? ನಡುವೆ ಗುಮ್ಮಟ, ಎರಡು ಪಕ್ಕಕ್ಕೆ ರೆಕ್ಕೆ ಅನ್ನುವುದು ಪಶ್ಚಿಮದ ಶಾಸನಸಭೆಗಳಿಂದ ಬಂದ ಮಾದರಿ. ವಿಧಾನಸೌಧದಲ್ಲಿ ದ್ರಾವಿಡ ಕಂಬದ ಜೊತೆಗೆ ರಾಜಸ್ಥಾನದ ಝರೋಕವೂ (ಗೋಡೆಯಿಂದ ಹೊರಚಾಚಿದ ಕಿಟಕಿ) ಇದೆ. ಆ ಬೆರಕೆಯೇ ಅದರ ಚೆಂದ ಅಂತ ನನಗೆ ಅನಿಸುತ್ತದೆ, ಆದರೆ ನಾನೀಗ ವಿರೋಧ ಬರೆಯುತ್ತಿದ್ದೇನೆ. ಗುಮ್ಮಟವೇ ಬೇಕು ಅನ್ನುವವರು ವಿಜಯಪುರಕ್ಕೆ ಹೋಗಿ ಗೋಲಗುಮ್ಮಟ ನೋಡಿ ಬರಲಿ, ಆಸೆ ತೀರುತ್ತದೆ. ಸ್ವಾಭಿಮಾನ ಅಂದ ತಕ್ಷಣ ಸಿಮೆಂಟಿನ ಸಿಂಹ ಕೂರಿಸುವ ಚಟ ಇನ್ನಾದರೂ ಬಿಡಬೇಕು.

ವಿಜಯಪುರ ಅಂದಾಗ ನೆನಪಾಯಿತು. ಅಲ್ಲಿ ಬ್ರಿಟಿಷರು ಹೊಸ ಕಟ್ಟಡ ಎಬ್ಬಿಸುವ ಬದಲು ಆದಿಲ್‌ಶಾಹಿ ಕಾಲದ ಹಳೇ ಮಹಲುಗಳನ್ನೇ ಕಚೇರಿ ಮಾಡಿಕೊಂಡರು. ಮಡಿಕೇರಿ ಕೋಟೆಯ ಅರಮನೆಯಲ್ಲಿ ಎಷ್ಟೋ ಕಾಲ ಜಿಲ್ಲಾ ಕಚೇರಿ ನಡೆಯಿತು. ಹಳೆಯದನ್ನು ದುರಸ್ತಿ ಮಾಡಿ ಬಳಸುವುದು ಹೊಸ ವಿಷಯವಲ್ಲ. ಅಠಾರಾ ಕಚೇರಿಯನ್ನೇ 1980ರ ದಶಕದಲ್ಲಿ ಕೆಡವಲು ಹೊರಟಿದ್ದರು. ಜನ ಎದ್ದರು, ವಿಷಯ ಕೋರ್ಟಿನವರೆಗೂ ಹೋಯಿತು. ಹೈಕೋರ್ಟ್ ಕಟ್ಟಡವನ್ನು ಕೆಡವಬೇಕೋ ಬೇಡವೋ ಅಂತ ಹೈಕೋರ್ಟಿಗೇ ಅರ್ಜಿ! ಕಟ್ಟಡ ಉಳಿಯಿತು. ಇವತ್ತಿಗೂ ಅದರೊಳಗೆ ಕಲಾಪ ನಡೆಯುತ್ತಿದೆ.

ಒಂದೇ ಸೂರಿನಡಿ ಎಲ್ಲ ಇಲಾಖೆ ಬಂದದ್ದು ಅನುಕೂಲ ಅಂತ ಪರ ಬರೆಯುವವರು ಖಂಡಿತ ಹೇಳಿರುತ್ತಾರೆ. ಸರಿ, ಅನುಕೂಲವೇ. ಸೂರಿಗೆ ಗುಮ್ಮಟ ಯಾಕೆ?

ಬೆಳಗಾವಿಯ ಸುವರ್ಣ ವಿಧಾನಸೌಧವನ್ನೂ ಹೇಳದೆ ಬಿಟ್ಟರೆ ಈ ಲೇಖನ ಪೂರ್ತಿ ಅನಿಸುವುದಿಲ್ಲ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಅಧಿವೇಶನ ನಡೆಯುವುದು ಚಳಿಗಾಲದಲ್ಲಿ, ಹತ್ತು ದಿನದ ಆಸುಪಾಸು. 2022ರಲ್ಲಿ ಅದರ ಮುಂದೆ ಯಾರೋ ಶಾವಿಗೆ ಒಣಹಾಕಿದ ಫೋಟೊ ಊರೆಲ್ಲ ಸುತ್ತಿ ದೊಡ್ಡ ಗಲಾಟೆ ಆಯಿತು. ನನಗಂತೂ ಫೋಟೊ ಇಷ್ಟವಾಯಿತು. ಅಷ್ಟು ಅಗಲದ ಕಲ್ಲುಹಾಸು, ಅಷ್ಟು ಒಳ್ಳೆ ಬಿಸಿಲು.

ಈಗ ಮೆಟ್ಟಿಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದು ವರ್ಷಗಳಾದವು. ಹಳೇ ಸಾರ್ವಜನಿಕ ಕಟ್ಟಡಗಳನ್ನೂ ಐದು ವರ್ಷದೊಳಗೆ ಎಲ್ಲರೂ ಓಡಾಡುವ ಹಾಗೆ ಮಾಡಬೇಕು ಅಂತ ಅದರಲ್ಲಿ ಇದೆ. ವಿಧಾನಸೌಧದ ದೊಡ್ಡ ಮೆಟ್ಟಿಲು ದಿನಬಳಕೆಗೆ ಅಲ್ಲ. ಪ್ರಮಾಣವಚನ, ಸನ್ಮಾನ, ಇಂಥದ್ದಕ್ಕೆ. ತಾಲ್ಲೂಕು ಕಚೇರಿಯಲ್ಲಿ ಅದರ ನಕಲು ಮಾಡಿದರೆ ದಿನಾ ಹತ್ತುವವರು ಪಿಂಚಣಿಯ ಅಜ್ಜಿಯರು.

ಎರಡು ವರ್ಷದ ಹಿಂದೆ ನಮ್ಮ ಮಾವನವರನ್ನು ಒಂದು ಮಿನಿ ವಿಧಾನಸೌಧಕ್ಕೆ ಕರೆದುಕೊಂಡು ಹೋಗಿದ್ದೆ. ಯಾವ ಊರು ಅಂತ ಬೇಡ. ತಮ್ಮ ಪಾಲಿನ ತೋಟವನ್ನು ಮಕ್ಕಳ ಹೆಸರಿಗೆ ವಿಭಾಗ ಮಾಡಿ ರಿಜಿಸ್ಟರ್ ಮಾಡಿಸಬೇಕಿತ್ತು. ಮಂಡಿ ಆಪರೇಷನ್ ಆಗಿ ಎರಡು ತಿಂಗಳೂ ಆಗಿರಲಿಲ್ಲ. ರ‍್ಯಾಂಪ್ ಇತ್ತು, ಹಿಂದುಗಡೆ, ಜನರೇಟರ್ ಪಕ್ಕ. ಅದರ ಗೇಟಿಗೆ ಬೀಗ. ಬೀಗದ ಕೈ ಇರುವವರು ಊಟಕ್ಕೆ ಹೋಗಿದ್ದರು. ಕಾದು ಒಳಗೆ ಬಂದರೆ ರಿಜಿಸ್ಟ್ರೇಷನ್ ಮೊದಲ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಬಾಗಿಲ ಮೇಲೆ ‘ದುರಸ್ತಿಯಲ್ಲಿದೆ’ ಅಂತ ಬರೆದ ಹಾಳೆ ಬಿಸಿಲಿಗೆ ಹಳದಿಯಾಗಿತ್ತು. ಹೆಬ್ಬೆಟ್ಟು, ಫೋಟೊ ತೆಗೆಯುವ ಮೆಷಿನ್ ಎಲ್ಲ ಮೇಲೇ ಇರುವುದರಿಂದ ಕೆಳಗೆ ತರಲು ಆಗುವುದಿಲ್ಲ ಅಂದರು ಕಚೇರಿಯವರೊಬ್ಬರು. ಆ ಮನುಷ್ಯನ ತಪ್ಪೂ ಅಲ್ಲ ಅದು.

ಪತ್ರ ಬರೆಯುವವರು ಇಬ್ಬರು, ನಮ್ಮ ಡ್ರೈವರು, ಸಾಕ್ಷಿಗೆ ಬಂದಿದ್ದ ಚಿಕ್ಕಪ್ಪನ ಮಗ, ನಾಲ್ಕು ಜನ ಸೇರಿ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿದರು. ನಾನು ಹಿಂದೆ ಅವರ ಕೋಲು, ಚಪ್ಪಲಿ ಹಿಡಿದುಕೊಂಡು. ಸಿಟ್ಟಿಗೆ ನನ್ನ ಕೈ ನಡುಗುತ್ತಿತ್ತು. ಈ ಮೆಟ್ಟಿಲಿನ ನಕ್ಷೆ ಬರೆದವನು ನನ್ನ ಹಾಗೇ ಓದಿದವನು ಅಲ್ವಾ ಅಂತ ಬೇರೆ. ಅರ್ಧ ಹತ್ತಿದ ಮೇಲೆ ಉಸಿರು ತೆಗೆದುಕೊಳ್ಳಲು ತಿರುವಿನಲ್ಲಿ ಕುರ್ಚಿ ಇಳಿಸಿದರು. ಅದು ಸರಿಯಾಗಿ ಗುಮ್ಮಟದ ಕೆಳಗೆ. ಮಾವನವರು ತಲೆ ಎತ್ತಿ ನೋಡಿದರು. ಸುತ್ತ ಸಣ್ಣ ಕಿಟಕಿಗಳಿಂದ ಬೆಳಕು ಬೀಳುತ್ತಿತ್ತು, ಒಂದೆರಡು ಪಾರಿವಾಳ.

‘ಚೆನ್ನಾಗಿ ಕಟ್ಟವ್ರೆ ಕಣಮ್ಮ’ ಅಂದರು.

ನಾನು ಏನೂ ಹೇಳಲಿಲ್ಲ. ಕೆಲಸ ಮುಗಿಸಿ ಅದೇ ರೀತಿ ಇಳಿಸಿಕೊಂಡು ಬಂದಾಗ ಹೊರಗೆ ನಿಂತು ಒಂದು ಫೋಟೊ ತೆಗಿ ಅಂದರು, ಗುಮ್ಮಟ ಪೂರ್ತಿ ಬರಬೇಕು ಅಂತ ಬೇರೆ ತಾಕೀತು. ತೆಗೆದೆ. ಲಿಫ್ಟ್ ಆಮೇಲೆ ರಿಪೇರಿ ಆಯಿತಂತೆ. ನಾನು ಹೋಗಿ ನೋಡಿಲ್ಲ.